ಒಂದು ಗುಂಪಿಗೆ ಒಂದು ಮನೆ

ವೇದಾವತಿ ನದಿಯ ದಂಡೆಯ ಮೇಲೆ ಒಂದು ಆಶ್ರಮ. ನದಿಯಲ್ಲಿ ನೀರು ವರ್ಷಕ್ಕೆ ನಾಲ್ಕೇ ತಿಂಗಳು. ಆಶ್ರಮದ ಶಾಲೆಯಲ್ಲಿ ಮಕ್ಕಳ ಗಲಾಟೆ ಮಾತ್ರ ವರ್ಷವಿಡೀ.

ಅದನ್ನು ನಡೆಸುತ್ತಿದ್ದವರು ಒಬ್ಬ ಮುದುಕರು. ಒಂದು ಕಾಲದಲ್ಲಿ ಕನ್ನಡ ಪಂಡಿತರಾಗಿದ್ದವರು. ಹೆಸರು ಸಿದ್ಧವೀರಯ್ಯ. ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಸುತ್ತಲಿನ ಊರಿಗೆಲ್ಲ ಅವರು ಅಜ್ಜಯ್ಯ.

ಅಜ್ಜಯ್ಯನ ಶಿಷ್ಯರಲ್ಲಿ ಬೊಮ್ಮಕ್ಕ ಎಲ್ಲರಿಗಿಂತ ದೊಡ್ಡವಳು. ಇಪ್ಪತ್ತೆಂಟು ವರ್ಷ. ಮೇಕೆ ಮೇಯಿಸುವವರ ಹಟ್ಟಿಯಿಂದ ಬಂದವಳು. ಆಶ್ರಮದ ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಲೇ ಡಿಗ್ರಿ ಮುಗಿಸಿದ್ದಳು. ಅವಳಿಗಿದ್ದದ್ದು ಒಂದೇ ಆಸೆ. ತನ್ನ ಹಟ್ಟಿಯ ಶಾಲೆಗೆ ಮೇಡಮ್ಮಾಗಿ ಹೋಗಬೇಕು. ಆ ಶಾಲೆಗೆ ಬಂದ ಮೇಷ್ಟ್ರು ಯಾರೂ ಪೂರ್ತಿ ಒಂದು ವರ್ಷ ನಿಂತದ್ದಿಲ್ಲ. ಈಗ ಬಾಗಿಲಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು.

ಮೇಡಮ್ಮಾಗಬೇಕಾದರೆ ಒಂದು ಪರೀಕ್ಷೆ ದಾಟಬೇಕು. ಇಡೀ ರಾಜ್ಯಕ್ಕೆ ಒಂದೇ ಪ್ರಶ್ನೆಪತ್ರಿಕೆ. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ. ಸರಿಯಾದದ್ದರ ಮುಂದಿನ ಸೊನ್ನೆಯನ್ನು ಕಪ್ಪು ಮಾಡಬೇಕು. ಮೂರೇ ಸಲ ಬರೆಯಲು ಅವಕಾಶ.

ಬೊಮ್ಮಕ್ಕ ಎರಡು ಸಲ ಬರೆದು ಎರಡು ಸಲವೂ ಬಿದ್ದಿದ್ದಳು. ಎರಡು ಸಲವೂ ಅವಳನ್ನು ಕೆಡವಿದ್ದು ಒಂದೇ ಭಾಗ: ಪದಗುಂಪು. ಹತ್ತಿರದ ಅರ್ಥದ ಪದಗಳನ್ನು ಕೊಡುತ್ತಾರೆ. ಯಾವುದಕ್ಕೆ ಯಾವುದು ಸಮ, ಯಾವುದು ಗುಂಪಿಗೆ ಸೇರದು, ಯಾವ ಜಾಗಕ್ಕೆ ಯಾವುದು ಹೊಂದುತ್ತದೆ, ಹೇಳಬೇಕು.

ಅವಳ ಗೈಡಿನಲ್ಲಿ ಅಂಥ ಗುಂಪು ನಲವತ್ತೆರಡು ಇದ್ದವು. ಅವನ್ನೆಲ್ಲ ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಿದ್ದಳು, ಹಿಟ್ಟಿನ ಡಬ್ಬಕ್ಕೆ ಅಂಟಿಸಿದ್ದಳು, ಬಚ್ಚಲಿನ ಬಾಗಿಲಿಗೂ ಅಂಟಿಸಿದ್ದಳು.

ಒಂದು ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿ ಒಂದೇ ಸಮನೆ ಉರು ಹೊಡೆಯುತ್ತಿದ್ದಳು. ಅಜ್ಜಯ್ಯ ಬಂದು ಪಕ್ಕದಲ್ಲಿ ಕೂತರು.

"ಯಾವ ಗುಂಪಿನಲ್ಲಿದ್ದೀ?"

"ಹದಿನೇಳನೇದು ಅಜ್ಜಯ್ಯ. ಬೆಳಿಗ್ಗೆ ತುಂಬ್ತೀನಿ, ಸಂಜೆಗೆ ಖಾಲಿ. ನನ್ನ ತಲೆ ತೂತು ಬಿದ್ದ ಕೊಡ. ಏನಾದ್ರೂ ಉಪಾಯ ಹೇಳಿ."

"ಹದಿನೇಳನೇದು ಹೇಳು, ಕೇಳೋಣ."

"ಕಡಿ, ಕೊಯ್ಯಿ, ಹೆಚ್ಚು, ಸೀಳು, ಸವರು, ಚಿವುಟು, ತರಿ."

"ಅರ್ಥ?"

"ಎಲ್ಲಾ ಒಂದೇ. ತುಂಡು ಮಾಡು ಅಂತ."

"ಎಲ್ಲಾ ಒಂದೇನಾ?"

"ಗೈಡಿನಲ್ಲಿ ಹಾಗೇ ಇದೆ."

ಅಜ್ಜಯ್ಯ ತಲೆಯಾಡಿಸಿದರು. "ಸರಿ. ಅಡುಗೆಮನೆಗೆ ಹೋಗು. ಇವತ್ತು ಬದನೆಕಾಯಿ ನಾನು ಕಡೀತೀನಿ, ಕೊತ್ತಂಬರಿ ಸೀಳ್ತೀನಿ ಅಂತ ತಿಮ್ಮಜ್ಜಿಗೆ ಹೇಳು. ಇದೇ ಮಾತು ಹೇಳು. ಒಂದಕ್ಷರ ಬದಲಾಯಿಸಬೇಡ."

ಬೊಮ್ಮಕ್ಕ ಹೋಗಿ ಹಾಗೆಯೇ ಹೇಳಿದಳು.

ಅಡುಗೆಯ ತಿಮ್ಮಜ್ಜಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಸೌದೆ ಒಡೆಯುವ ಕೊಡಲಿ ತಂದು ಅವಳ ಕೈಗೆ ಕೊಟ್ಟಳು. ಒಂದು ಬದನೆಕಾಯಿಯನ್ನು ನೆಲದ ನಡುಮಧ್ಯೆ ಇಟ್ಟಳು.

"ಕಡಿ ತಾಯಿ. ನಾನು ಸ್ವಲ್ಪ ದೂರ ನಿಲ್ತೀನಿ."

ತಟ್ಟೆ ತೊಳೆಯುತ್ತಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಬೊಮ್ಮಕ್ಕ ಕೊಡಲಿಯನ್ನು ಅಲ್ಲೇ ಬಿಟ್ಟು ಉರಿಯುವ ಮುಖ ಹೊತ್ತು ಮೆಟ್ಟಿಲಿಗೆ ಬಂದಳು.

"ನನ್ನ ನಗೆಪಾಟಲು ಮಾಡಿದ್ರಿ ಅಜ್ಜಯ್ಯ."

"ತಿಮ್ಮಜ್ಜಿ ಎಷ್ಟು ಓದಿದ್ದಾಳೆ?"

"ಓದಾ? ಹೆಬ್ಬೆಟ್ಟು."

"ಬದನೆಕಾಯಿ ಹೆಚ್ಚಬೇಕು, ಕಡಿಯಬಾರದು ಅಂತ ಅವಳಿಗೆ ಯಾವ ಗೈಡು ಕಲಿಸಿತು?"

ಬೊಮ್ಮಕ್ಕ ಗೈಡನ್ನು ಮಡಿಲಿಗೆ ಎಳೆದುಕೊಂಡು ಕೂತಳು.

"ಒಂದು ಮನೆಯಲ್ಲಿ ಐದು ಜನ ಅಣ್ಣತಮ್ಮಂದಿರಿದ್ದಾರೆ. ಐವರೂ ಒಂದೇನಾ?"

"ಮುಖ ಹೋಲಬಹುದು."

"ಒಬ್ಬನ ಹೆಸರು ಹಿಡಿದು ಕೂಗಿದ್ರೆ?"

"ಒಬ್ಬನೇ ಬರ್ತಾನೆ."

"ಅಷ್ಟೇ. ನೀನು ಐವರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಎಳೀತಿದ್ದೀ. ಅದಕ್ಕೇ ಯಾರೂ ನಿನ್ನ ಜೊತೆ ಬರ್ತಾ ಇಲ್ಲ." ಅಜ್ಜಯ್ಯ ಕೈ ಚಾಚಿದರು. "ಗೈಡು ಕೊಡು. ಪರೀಕ್ಷೆಗೆ ಎಷ್ಟು ದಿನ ಇದೆ?"

"ಐವತ್ತು."

"ದಿನಾ ಬೆಳಿಗ್ಗೆ ನನ್ನ ಹತ್ತಿರ ಬಾ. ಒಂದು ಗುಂಪು ಓದಿ ಹೇಳ್ತೀನಿ. ಆ ಪದಗಳನ್ನ ದಿನಾ ಬಳಸೋರ ಮನೆ ಹುಡುಕಿಕೊಂಡು ಹೋಗು. ಒಂದು ಗುಂಪಿಗೆ ಒಂದು ಮನೆ. ಹೋಗಿ ಕೇಳು."

ಬೊಮ್ಮಕ್ಕನಿಗೆ ಉಳಿದಿರುವುದು ಒಂದೇ ಅವಕಾಶ. ಓದುವುದು ಬಿಟ್ಟು ಊರೂರು ಅಲೆಯುವುದೆಂದರೇನು? ಆದರೂ ಗೈಡನ್ನು ಅವರ ಕೈಗಿಟ್ಟಳು. ಅವಳಿಗೆ ಬೇರೆ ಉಪಾಯ ಗೊತ್ತಿರಲಿಲ್ಲ.

ಮೊದಲ ದಿನ ಬಂದದ್ದು ನೀರಿನ ಗುಂಪು. ಹರಿ, ಸುರಿ, ಸೋರು, ಜಿನುಗು, ಒಸರು, ಉಕ್ಕು.

ಅವಳು ಬಾವಿ ತೋಡುವ ಕರಿಯಣ್ಣನ ಹತ್ತಿರ ಹೋದಳು. ಅವನು ಬೇವಿನ ಮರದಡಿ ಗುದ್ದಲಿಗೆ ಹೊಸ ಮರದ ಕಾವು ಹಾಕುತ್ತಿದ್ದ.

"ಕರಿಯಣ್ಣ, ಒಸರೋದು ಅಂದ್ರೂ ಜಿನುಗೋದು ಅಂದ್ರೂ ಒಂದೇ ತಾನೆ?"

ಕರಿಯಣ್ಣ ಗುದ್ದಲಿ ಕೆಳಗಿಟ್ಟ. "ಯಾರು ಹೇಳಿದ್ದು? ಅವರ ಬಾವಿ ತೋರಿಸು, ನೋಡೋಣ."

"ಹಾಗಲ್ಲ, ನನಗೆ ಗೊತ್ತಿಲ್ಲ, ಅದಕ್ಕೆ ಕೇಳಿದೆ."

"ಜಿನುಗೋದು ಅಂದ್ರೆ ಮೇಲಿನ ಪಸೆ. ಹನಿ ಹನಿ ಬರುತ್ತೆ. ನಾಲ್ಕು ದಿನ ಬಿಸಿಲು ಬಿದ್ರೆ ನಿಲ್ಲುತ್ತೆ. ನಂಬಿದವನು ಕೆಟ್ಟ. ಒಸರೋದು ಅಂದ್ರೆ ಒಳಗಿಂದ ಬರೋದು, ಕಲ್ಲಿನ ಎದೆಯಿಂದ. ಒಂದು ಸಲ ಒಸರು ಸಿಕ್ತು ಅಂದ್ರೆ ಮೊಮ್ಮಕ್ಕಳ ಕಾಲಕ್ಕೂ ನೀರು."

"ಸೋರೋದು?"

"ಅದು ಕಳಕೊಳ್ಳೋದಲ್ವಾ? ಮಡಕೆ ಸೋರುತ್ತೆ, ಮಾಳಿಗೆ ಸೋರುತ್ತೆ. ಬಾವಿ ಸೋರಲ್ಲ." ಕರಿಯಣ್ಣ ಕೈಯ ಮಣ್ಣು ಕೊಡವಿ ಮತ್ತೆ ಹೇಳಿದ. "ಅರವತ್ತು ಅಡಿ ಕೆಳಗೆ ಒಬ್ಬನೇ ಇರ್ತೀನಿ ತಾಯಿ. ಮೇಲೆ ನೋಡಿದ್ರೆ ಆಕಾಶ ಒಂದು ತಟ್ಟೆಯಷ್ಟು. ಅಂಥ ಜಾಗದಲ್ಲಿ ಕಲ್ಲು ಒಸರೋದು ಕಂಡ್ರೆ ನಾನು ಮೊದಲು ಕುಡಿಯಲ್ಲ. ಕೈ ಮುಗೀತೀನಿ."

ಬೊಮ್ಮಕ್ಕ ಆಶ್ರಮಕ್ಕೆ ಮರಳುವಾಗ ಆ ಆರು ಪದಗಳಲ್ಲಿ ಒಂದನ್ನೂ ಮತ್ತೆ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಬೇಕಾಗಿರಲಿಲ್ಲ.

ಹೀಗೆ ದಿನಗಳು ಹೋದವು. ಜನಜಂಗುಳಿಯ ಪದಗುಂಪು ಬಂದ ದಿನ ಅವಳು ಬಸ್ಸಿನ ಕಂಡಕ್ಟರನನ್ನು ಕೇಳಿದಳು. "ಸಂದಣಿ ಅಂದ್ರೆ ಇನ್ನೂ ಹತ್ತು ಜನ ಹತ್ತಬಹುದು ಮೇಡಂ. ನೂಕುನುಗ್ಗಲು ಅಂದ್ರೆ ಹತ್ತಿದೋರು ಇಳಿಯೋಕಾಗಲ್ಲ" ಅಂದ ಅವನು, ಸೀಟಿ ಊದಿ. ಸಿಟ್ಟಿನ ಗುಂಪು ಬಂದ ದಿನ ಹೊಳೆಯಾಚೆಯ ಒಂದು ಮನೆಗೆ ಹೋದಳು. ಆ ಮನೆಯಾತ ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ, ನಾಯಿ ಬಿಟ್ಟ. ಆ ಗುಂಪನ್ನೂ ಅವಳು ಮರೆಯಲಿಲ್ಲ.

ಸೂರ್ಯನ ಗುಂಪಿಗೆ ಮಾತ್ರ ಮನೆಯೇ ಸಿಗಲಿಲ್ಲ. ರವಿ, ಭಾನು, ಭಾಸ್ಕರ, ದಿನಕರ, ಆದಿತ್ಯ. ಆ ಹೆಸರಿಟ್ಟುಕೊಂಡವರು ನಾಲ್ಕು ಜನ ಸಿಕ್ಕರು. ತಮ್ಮ ಹೆಸರಿನ ಅರ್ಥ ಬಲ್ಲವರು ಒಬ್ಬರೂ ಸಿಗಲಿಲ್ಲ.

"ಇದಕ್ಕೇನು ಮಾಡ್ಲಿ ಅಜ್ಜಯ್ಯ?"

"ಬಾಯಿಪಾಠ ಮಾಡು."

"ಬಾಯಿಪಾಠ ಬೇಡ ಅಂದಿದ್ರಿ!"

"ಬೇಡ ಅಂತ ಯಾವಾಗ ಅಂದೆ? ಕೆಲವನ್ನ ಬಾಯಿಪಾಠವೇ ಮಾಡಬೇಕು. ಸುಮ್ಮನೆ ಕೂತು ಮಾಡು."

ನೋವಿನ ಗುಂಪು ಬಂದಾಗ ಅವಳು ಸೂಲಗಿತ್ತಿ ಗಂಗಜ್ಜಿಯ ಮನೆಗೆ ಹೋದಳು. ಎಂಬತ್ತರ ಮುದುಕಿ. ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಮುಳ್ಳು ಚುಚ್ಚಿದ್ರೆ ನೋವು ಮಗಳೇ" ಅಂದಳು ಗಂಗಜ್ಜಿ. "ಬೇನೆ ಬೇರೆ. ಬೇನೆ ಬಂದು ಹೋಗಿ, ಬಂದು ಹೋಗಿ, ಕೊನೆಗೆ ಒಂದು ಕೂಸು ಕೊಟ್ಟು ಹೋಗುತ್ತೆ. ನಾನು ಬೇನೆಗೆ ಹೆದರಿದೋಳಲ್ಲ."

"ಅಳಲು, ಕೊರಗು ಎರಡೂ ಒಂದೇನಾ ಅಜ್ಜಿ?"

"ಒಂದೇ ಆಗಿದ್ರೆ ಚೆನ್ನಾಗಿತ್ತು. ಅಳಲು ಹೇಳಿಕೊಳ್ಳೋಕೆ ಇನ್ನೊಬ್ಬರು ಬೇಕು. ಕೊರಗಿಗೆ ಯಾರೂ ಬೇಡ. ಒಳಗೇ ಕೂತು ಗೆದ್ದಲಿನ ಹಾಗೆ ತಿನ್ನುತ್ತೆ. ಕೊರಗೋರನ್ನ ಕಂಡ್ರೆ ನಾನು ಹೋಗಿ ಪಕ್ಕದಲ್ಲಿ ಕೂತ್ಕೋತೀನಿ. ಬಾಯಿ ಬಿಟ್ಟು ಹೇಳಿದ್ರು ಅಂದ್ರೆ ಅರ್ಧ ವಾಸಿ."

ಹೀಗೆಂದವಳು ಹುಣಸೆಹಣ್ಣಿನ ಮೊರ ಪಕ್ಕಕ್ಕೆ ಸರಿಸಿ ಬೊಮ್ಮಕ್ಕನ ಹತ್ತಿರ ಬಂದು ಕೂತಳು.

"ನಿನಗೇನು ಕೊರಗು?"

"ನನಗೆ? ನನಗೇನೂ ಇಲ್ಲ ಅಜ್ಜಿ" ಎಂದು ಬೊಮ್ಮಕ್ಕ ಸೀರೆ ಕೊಡವಿ ಎದ್ದುಬಿಟ್ಟಳು. ದಾರಿಯುದ್ದಕ್ಕೂ ಬೇಗ ಬೇಗ ನಡೆದಳು.

ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಆ ಬೆಳಿಗ್ಗೆ ಅಜ್ಜಯ್ಯ ಓದಿದ ಗುಂಪು ಇದು:

"ಉಪಕಾರ, ಋಣ, ಹಂಗು, ಕೃತಜ್ಞತೆ, ಧನ್ಯತೆ."

ಬೊಮ್ಮಕ್ಕ ಕಾದು ಕೂತಳು. ಅಜ್ಜಯ್ಯ ಗೈಡು ಮುಚ್ಚಿದರು.

"ಇದಕ್ಕೆ ಯಾರ ಮನೆಗೆ ಹೋಗ್ಲಿ?" ಅಂದಳು.

"ನಿನ್ನ ಮನೆಗೆ."

ಅವಳು ತಲೆ ತಗ್ಗಿಸಿದಳು. "ಅಲ್ಲಿಗೆ ಬೇಡ ಅಜ್ಜಯ್ಯ. ಪಾಸಾದ ಮೇಲೆ ಹೋಗ್ತೀನಿ."

"ಹೋಗಿ ಎಷ್ಟು ದಿನವಾಯಿತು?"

"ಎರಡು ವರ್ಷ."

"ಪರೀಕ್ಷೆಯಲ್ಲಿ ಈ ಗುಂಪು ಬಂದ್ರೆ?"

ಅಜ್ಜಯ್ಯ ಒತ್ತಾಯಿಸಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಅಲ್ಲೇ ಕೂತು ನದಿಯ ಮರಳನ್ನು ನೋಡುತ್ತಿದ್ದರು. ಬಿಸಿಲು ಅವರ ಪಾದದವರೆಗೆ ಬಂತು, ಮೊಣಕಾಲಿನವರೆಗೆ ಏರಿತು. ಕೊನೆಗೆ ಬೊಮ್ಮಕ್ಕನೇ ಎದ್ದು ಚೀಲಕ್ಕೆ ಒಂದು ಸೀರೆ ಹಾಕಿಕೊಂಡು ಬಸ್ಸಿಗೆ ಹೊರಟಳು.

ಹಟ್ಟಿಯಲ್ಲಿ ಅವಳಿಗೆ ಇದ್ದವರು ಅಣ್ಣ ಮತ್ತು ಅತ್ತಿಗೆ. ಅತ್ತಿಗೆಯ ಹೆಸರು ಚಿತ್ತಮ್ಮ. ಬೊಮ್ಮಕ್ಕನ ತಾಯಿ ತೀರಿಕೊಂಡಾಗ ಬೊಮ್ಮಕ್ಕನಿಗೆ ನಾಲ್ಕು ವರ್ಷ. ಮರುವರ್ಷ ಮದುವೆಯಾಗಿ ಬಂದ ಚಿತ್ತಮ್ಮನಿಗೆ ಹದಿನೇಳೋ ಹದಿನೆಂಟೋ. ಸೊಸೆಯಾಗಿ ಬಂದವಳು ಬಂದ ದಿನವೇ ತಾಯಿಯೂ ಆಗಬೇಕಾಯಿತು. ಹಟ್ಟಿಯ ಹೆಣ್ಣುಮಕ್ಕಳೆಲ್ಲ ಮೇಕೆ ಹಿಂದೆ ಹೋಗುವಾಗ ಬೊಮ್ಮಕ್ಕನ ಕೈಗೆ ಸ್ಲೇಟು ಕೊಟ್ಟು, ಅವಳ ಪಾಲಿನ ಮೇಕೆಗಳನ್ನೂ ತಾನೇ ಹೊಡೆದುಕೊಂಡು ಹೋದವಳು ಚಿತ್ತಮ್ಮ. ಒಂದೆರಡು ದಿನ ಅಲ್ಲ. ಹದಿನಾರು ವರ್ಷ.

ಬೊಮ್ಮಕ್ಕ ಹೋದಾಗ ಮಟಮಟ ಮಧ್ಯಾಹ್ನ. ಚಿತ್ತಮ್ಮ ರೊಪ್ಪದಲ್ಲಿ, ಮೇಕೆ ಕೂಡುವ ಬೇಲಿಯೊಳಗೆ, ಕಸ ಗುಡಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಎರಡು ವರ್ಷದ ಹಿಂದೆ ಹಾಗಿರಲಿಲ್ಲ.

ಬೊಮ್ಮಕ್ಕ ಬೇಲಿಯ ಆಚೆಯೇ ನಿಂತಳು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕಲಸಿ ಹೋಗಿ ಒಂದೇ ಉಸಿರಿಗೆ ಹೊರಬಿದ್ದವು.

"ಅತ್ತಿಗೆ, ನಾನು ಎರಡು ಸಲ ಫೇಲಾದೆ. ನಿನ್ನ ಹಂಗಿನಲ್ಲೇ ಬೆಳೆದೆ, ಆ ಹಂಗು ತೀರಿಸೋಕೆ ನನ್ನ ಕೈಲಿ ಆಗಲಿಲ್ಲ. ಯಾವ ಮುಖ ಇಟ್ಟುಕೊಂಡು ಬರ್ಲಿ ಅಂತ ಬರಲಿಲ್ಲ."

ಚಿತ್ತಮ್ಮನ ಕೈಯಲ್ಲಿನ ಪೊರಕೆ ನಿಂತಿತು.

"ಅದಕ್ಕಾ?"

"ಹೂಂ."

"ಅದಕ್ಕಾ ಎರಡು ವರ್ಷ ಬರಲಿಲ್ಲ? ನಾನು ನಿನಗೇನೋ ಕಾಯಿಲೆ ಅಂದುಕೊಂಡೆ. ನನ್ನ ಮಾತೇನಾದ್ರೂ ಚುಚ್ಚಿತೇನೋ ಅಂದುಕೊಂಡೆ. ಬಸ್ಸಿನೋರ ಕೈಲಿ, ಸಂತೆಗೆ ಹೋದೋರ ಕೈಲಿ, ಎಷ್ಟು ಜನರ ಕೈಲಿ ಹೇಳಿ ಕಳಿಸಿದೆ!" ಅವಳು ಪೊರಕೆ ಎಸೆದಳು. "ಮೇಡಮ್ಮಾಗಿ ಬಾ ಅಂತ ಕಳಿಸಿದ್ದು ನಿಜ. ಮೇಡಮ್ಮಾಗದೆ ಬಂದ್ರೆ ಬಾಗಿಲು ಹಾಕ್ಕೊಳ್ತೀನಿ ಅಂದಿದ್ನಾ?"

ಬೊಮ್ಮಕ್ಕ ಅಳತೊಡಗಿದಳು.

"ಹಂಗು ಗಿಂಗು ಅಂತ ಇನ್ನೊಂದು ಸಲ ಅಂದ್ರೆ ನೋಡು. ಅದು ಹೊರಗಿನೋರ ಮನೇಲಿ ಆಡೋ ಮಾತು. ಕೊಟ್ಟೋರು ಎಣಿಸ್ತಾ ಕೂತ್ರೆ ಹಂಗು. ನಾನು ಯಾವತ್ತು ಎಣಿಸಿದೆ?"

"ಎಣಿಸಲಿಲ್ಲ."

"ಮತ್ತೆ?"

"ಮತ್ತೆ ಏನನ್ನಲಿ ಅತ್ತಿಗೆ ನಾನು? ನೀನು ಮಾಡಿದ್ದಕ್ಕೆ ಯಾವ ಮಾತು ಹೇಳ್ಲಿ?"

"ಏನೂ ಹೇಳಬೇಡ. ಒಳಗೆ ಬಾ, ಉಣ್ಣು."

ಬಿಸಿ ಮುದ್ದೆ, ಅಣ್ಣೆಸೊಪ್ಪಿನ ಸಾರು. ಬೊಮ್ಮಕ್ಕ ತಲೆ ಬಗ್ಗಿಸಿ ಉಂಡಳು. ಚಿತ್ತಮ್ಮ ಎದುರಿಗೆ ಕೂತು ಅವಳು ನುಂಗುವುದನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನಾಗಿ ಮಾತು ತೆಗೆದಳು.

"ನೀನು ಎರಡನೇ ಕ್ಲಾಸಿನಲ್ಲಿದ್ದೆ. ನಾನು ಹಿರಿಯೂರಿಗೆ ಅಂತ ಹೋಗಿ ಹೊಸದುರ್ಗದ ಬಸ್ಸು ಹತ್ತಿದ್ದೆ, ಜ್ಞಾಪಕ ಐತಾ? ಸಂಜೆವರೆಗೂ ಅತ್ತುಕೊಂಡು ಬಂದೆ. ಅವತ್ತು ನೀನು ಇದ್ದಿಲು ತಗೊಂಡು ಆ ಗೋಡೆ ಮೇಲೆ ಎರಡಕ್ಷರ ಬರೆದು ಕೊಟ್ಟೆ. ಇದು ಹಿ, ಹಿರಿಯೂರು. ಇದು ಹೊ, ಹೊಸದುರ್ಗ."

ಬೊಮ್ಮಕ್ಕ ತಲೆಯೆತ್ತಿದಳು. ಅವಳಿಗೆ ಅದು ನೆನಪೇ ಇರಲಿಲ್ಲ.

"ಅವತ್ತಿನಿಂದ ಇವತ್ತಿನವರೆಗೆ ನಾನು ತಪ್ಪು ಬಸ್ಸು ಹತ್ತಿಲ್ಲ" ಅಂದಳು ಚಿತ್ತಮ್ಮ. "ಬಸ್ಸು ಬಂದಾಗಲೆಲ್ಲ ಬೋರ್ಡು ನೋಡ್ತೀನಿ. ನೋಡಿದಾಗಲೆಲ್ಲ, ನನ್ನ ಹುಡುಗಿ ತಣ್ಣಗಿರಲಿ ಅಂದುಕೊಳ್ತೀನಿ. ಇನ್ನೊಂದು ಮುದ್ದೆ ಹಾಕಲಾ?"

ಬೊಮ್ಮಕ್ಕ ಮೂರು ದಿನ ಹಟ್ಟಿಯಲ್ಲಿದ್ದಳು. ಮೇಕೆ ಹೊಡೆದುಕೊಂಡು ಹೋದಳು. ಅಣ್ಣನ ಜೊತೆ ಬೇಲಿ ಕಟ್ಟಿದಳು. ನಾಲ್ಕನೆಯ ದಿನ ಆಶ್ರಮಕ್ಕೆ ಬಂದು ಅಜ್ಜಯ್ಯನ ಮುಂದೆ ನಿಂತಳು.

"ಪದ ಸಿಕ್ಕಿತಾ?"

"ಇಲ್ಲ ಅಜ್ಜಯ್ಯ. ಊಟ ಸಿಕ್ಕಿತು."

"ಹಾಗಾದ್ರೆ ಆ ಗುಂಪು ಮುಗೀತು" ಅಂದರು ಅಜ್ಜಯ್ಯ.

ಪರೀಕ್ಷೆಯ ಹಿಂದಿನ ದಿನ ಅವಳು ಆಶೀರ್ವಾದಕ್ಕೆ ಹೋದಾಗ ಅವಳ ಮನಸ್ಸಿನಲ್ಲಿ ಒಂದು ಹೊಸ ಭಯ ಹುಟ್ಟಿಕೊಂಡಿತ್ತು.

"ಅಜ್ಜಯ್ಯ, ಈಗ ನನಗೆ ಯಾವ ಎರಡು ಪದವೂ ಒಂದೇ ಅಂತ ಅನ್ನಿಸ್ತಾ ಇಲ್ಲ. ಅಲ್ಲಿ ಇದಕ್ಕೆ ಸಮಾನ ಪದ ಯಾವುದು ಅಂತ ಕೇಳಿದ್ರೆ ಏನು ಮಾಡ್ಲಿ? ಸಮಾನವೇ ಇಲ್ಲ ಅಂತ ಬಿಟ್ಟು ಬರ್ಲಾ?"

ಅಜ್ಜಯ್ಯ ಜೋರಾಗಿ ನಕ್ಕರು.

"ಬಾಗಿಲು ತಗ್ಗಾಗಿದ್ರೆ ಏನು ಮಾಡ್ತೀ?"

"ತಲೆ ಬಗ್ಗಿಸಿ ಹೋಗ್ತೀನಿ."

"ಒಳಗೆ ಹೋದ ಮೇಲೆ?"

"ನೆಟ್ಟಗೆ ನಿಲ್ತೀನಿ."

"ಬಾಗಿಲ ಜೊತೆ ಜಗಳಕ್ಕೆ ನಿಲ್ಲಬೇಡ. ನಿನಗೋಸ್ಕರ ಒಳಗೆ ಮಕ್ಕಳು ಕಾಯ್ತಾ ಇದ್ದಾರೆ."

ಪರೀಕ್ಷೆಯ ಕೋಣೆಯಲ್ಲಿ ಬೊಮ್ಮಕ್ಕ ಪುಟ ತಿರುಗಿಸಿದಳು. ಪದಗುಂಪಿನ ಭಾಗ ಬಂತು.

ಓದಿದಂತೆ ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂತಂತಾಯಿತು. ತಿಮ್ಮಜ್ಜಿ ಕೊಡಲಿ ಹಿಡಿದುಕೊಂಡು ಬಂದಳು. ಕಂಡಕ್ಟರ್ ಸೀಟಿ ಊದಿದ. ಗಂಗಜ್ಜಿ ಹುಣಸೆಯ ಮೊರ ಸರಿಸಿದಳು. ಹೊಳೆಯಾಚೆಯವನ ನಾಯಿ ಕೂಡ ಬೊಗಳಿತು. ಬೊಮ್ಮಕ್ಕ ಒಂದೊಂದೇ ಸೊನ್ನೆ ತುಂಬುತ್ತ ಹೋದಳು.

ಒಂದು ಪ್ರಶ್ನೆ ಹೀಗಿತ್ತು: 'ಒಸರು' ಪದದ ಸಮಾನಾರ್ಥಕ ಪದ ಯಾವುದು? ಕೊಟ್ಟಿದ್ದ ನಾಲ್ಕು ಉತ್ತರ: ಒಣಗು, ಜಿನುಗು, ಹಾರು, ಮುರಿ.

ಅವಳ ಪೆನ್ನು ನಿಂತಿತು. ತಪ್ಪಾಯಿತು ಕರಿಯಣ್ಣ, ಎಂದು ಮನಸ್ಸಿನಲ್ಲೇ ಕೈಮುಗಿದು, ತಲೆ ಬಗ್ಗಿಸಿ, ಎರಡನೆಯ ಸೊನ್ನೆಯನ್ನು ಕಪ್ಪು ಮಾಡಿದಳು.

ಅವಳನ್ನು ಅತ್ತಿಗೆಯ ಮನೆಗೆ ಕಳಿಸಿದ ಗುಂಪಿತ್ತಲ್ಲ, ಅದು ಪತ್ರಿಕೆಯಲ್ಲಿ ಬಂದಿರಲೇ ಇಲ್ಲ.

ಫಲಿತಾಂಶ ಬರಲು ಎರಡು ತಿಂಗಳು ಹಿಡಿಯಿತು. ಬೊಮ್ಮಕ್ಕ ಪಾಸಾದಳು. ಬಹಳ ಮೇಲೇನೂ ಅಲ್ಲ, ಬೇಕಾದ್ದಕ್ಕಿಂತ ಆರು ಅಂಕ ಹೆಚ್ಚು. ಯಾವ ಶಾಲೆ ಬೇಕು ಎಂದು ಕೇಳಿದಾಗ ತನ್ನ ಹಟ್ಟಿಯ ಹೆಸರು ಹೇಳಿದಳು. ಆ ಶಾಲೆಯನ್ನು ಕೇಳಿದವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದೇ ದಿನ ಆದೇಶ ಕೈಗೆ ಬಂತು.

ಅವಳು ಓಡೋಡಿ ಆಶ್ರಮಕ್ಕೆ ಬಂದಳು. ಅಜ್ಜಯ್ಯನ ಕಾಲಿಗೆ ಬಿದ್ದಳು. ಎದ್ದು ನಿಂತು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಏನು?"

"ಪದ ಸಾಲ್ತಾ ಇಲ್ಲ ಅಜ್ಜಯ್ಯ."

"ನಲವತ್ತೆರಡು ಗುಂಪು ಕಲಿತೂ ಸಾಲ್ತಾ ಇಲ್ಲವಾ?"

ಇಬ್ಬರೂ ನಕ್ಕರು. ನಗುತ್ತ ನಗುತ್ತ ಇಬ್ಬರ ಕಣ್ಣೂ ತುಂಬಿದವು.

ಆ ವಾರವೆಲ್ಲ ಬೊಮ್ಮಕ್ಕ ತಾನು ಪದ ಕೇಳಿದ್ದ ಮನೆಗಳಿಗೆಲ್ಲ ಮತ್ತೆ ಹೋಗಿ ಬಂದಳು. ಕರಿಯಣ್ಣ ಸುದ್ದಿ ಕೇಳಿ ಗುದ್ದಲಿ ಎತ್ತಿ ಕುಣಿದ. ಜಿನುಗಿನ ವಿಷಯ ಅವಳು ಅವನಿಗೆ ಹೇಳಲಿಲ್ಲ. ಗಂಗಜ್ಜಿಯ ಪಕ್ಕದಲ್ಲಿ ಕೂತು ಒಂದು ಮೊರ ಹುಣಸೆಹಣ್ಣು ಬಿಡಿಸಿ ಕೊಟ್ಟು, ಎರಡು ವರ್ಷ ಹಟ್ಟಿಗೆ ಹೋಗದೆ ಇದ್ದ ಕಥೆಯನ್ನೆಲ್ಲ ಬಾಯಿ ಬಿಟ್ಟು ಹೇಳಿದಳು. ಹೊಳೆಯಾಚೆಯ ಮನೆಯ ಮುಂದೆಯೂ ಒಂದು ಗಳಿಗೆ ನಿಂತು ದೂರದಿಂದಲೇ ಕೈಮುಗಿದು ಬಂದಳು.

ಹಟ್ಟಿಯ ಶಾಲೆಯ ಬೀಗ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಒಡೆದು ತೆಗೆದರು. ಮೊದಲ ದಿನ ಬಂದ ಮಕ್ಕಳು ಹನ್ನೊಂದು. ತಿಂಗಳಲ್ಲಿ ಇಪ್ಪತ್ತಾರಾದರು.

ಐದಾರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೊಮ್ಮಕ್ಕ ಆಶ್ರಮಕ್ಕೆ ಬಂದಳು. ಆ ವೇಳೆಗೆ ನದಿಗೆ ನೀರು ಬಂದಿತ್ತು. ಅಜ್ಜಯ್ಯ ಮೆಟ್ಟಿಲ ಮೇಲೆ ಕೂತು ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದರು.

"ಹೇಗಿದೆ ಶಾಲೆ?"

"ಚೆನ್ನಾಗಿದೆ ಅಜ್ಜಯ್ಯ. ಮೊನ್ನೆ ಮಕ್ಕಳಿಗೆ ತಾಯಿಯ ಗುಂಪು ಕಲಿಸಿದೆ. ಅಮ್ಮ, ಅವ್ವ, ಮಾತೆ, ಜನನಿ, ಹೆತ್ತವಳು. ಬೋರ್ಡಿನ ಮೇಲೆ ಬರೆದು, ಇನ್ನು ಯಾವುದಾದ್ರೂ ಇದೆಯಾ ಅಂತ ಕೇಳಿದೆ."

"ಮಕ್ಕಳು ಏನಂದ್ರು?"

"ಈರಕ್ಕ ಅಂತ ಒಬ್ಬಳು ಹುಡುಗಿ ಇದ್ದಾಳೆ. ಸೇರಿದ ದಿನದಿಂದ ತುಟಿ ಬಿಚ್ಚಿದವಳಲ್ಲ. ಅವಳು ಎದ್ದು ನಿಂತಳು. ಒಂದು ಪದ ಹೇಳಿದಳು." ಬೊಮ್ಮಕ್ಕ ಅಜ್ಜಯ್ಯನ ಪಕ್ಕದ ಮೆಟ್ಟಿಲ ಮೇಲೆ ಕೂತಳು. "ಒಪ್ಪುತಾಯಿ."

"ಏನು?"

"ಒಪ್ಪುತಾಯಿ. ಮೇಕೆ ಮರಿ ಹಾಕಿ ಸತ್ತರೆ ಆ ಮರಿಯನ್ನ ಬೇರೆ ಮೇಕೆಗಳ ಹತ್ತಿರ ಬಿಡ್ತಾರೆ. ಎಲ್ಲಾ ಹಾಯುತ್ವೆ, ಒದೀತ್ವೆ. ಯಾವುದೋ ಒಂದು ಮೇಕೆ ಮೂಸಿ ನೋಡಿ ಸುಮ್ಮನೆ ನಿಂತು ಹಾಲು ಕೊಡುತ್ತೆ. ಅದು ಆ ಮರಿಯ ಒಪ್ಪುತಾಯಿ. ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ ಅಜ್ಜಯ್ಯ. ಯಾವ ಗೈಡಿನಲ್ಲೂ ಕಾಣಲಿಲ್ಲ ಅಂತ, ಅದು ಪದವೇ ಅಲ್ಲ ಅಂದುಕೊಂಡು ಮರೆತುಬಿಟ್ಟಿದ್ದೆ."

ಅಜ್ಜಯ್ಯ ಐವತ್ತು ವರ್ಷ ಕನ್ನಡ ಓದಿದವರು, ಕಲಿಸಿದವರು. ತೊಡೆಯ ಮೇಲಿದ್ದ ಮಕ್ಕಳ ಪುಸ್ತಕಗಳನ್ನು ಕೆಳಗಿಟ್ಟರು. ಜೇಬಿನಿಂದ ತಮ್ಮ ಸಣ್ಣ ಪುಸ್ತಕ ತೆಗೆದು ಒಂದು ಖಾಲಿ ಹಾಳೆ ಹುಡುಕಿದರು. ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿ ಹಾಕಿಕೊಂಡರು.

"ಇನ್ನೊಂದು ಸಲ ಹೇಳು ತಾಯಿ" ಅಂದರು. "ಮೆಲ್ಲಗೆ ಹೇಳು. ನಾನು ಬರೆದುಕೊಳ್ಳಬೇಕು."